ಏಳನೇ ನಂಬರಿನ ಚನ್ನಾಜಮ್ಮ

ಟಿ. ನರಸೀಪುರದ ತಾಲ್ಲೂಕು ಕಚೇರಿಯ ಕಾಂಪೌಂಡಿಗೆ ಒರಗಿ ಕೂತು ಮೂವತ್ತೊಂದು ವರ್ಷ ಅರ್ಜಿ ಬರೆದವರು ಪುಟ್ಟಬಸವಯ್ಯ. ಒಂದು ಮಡಚುವ ಮೇಜು, ಎರಡು ಪ್ಲಾಸ್ಟಿಕ್ ಸ್ಟೂಲು, ಬಿಳಿ ಹಾಳೆಯ ಕಟ್ಟು, ಸ್ಟಾಂಪು ಇಡುವ ತಗಡಿನ ಡಬ್ಬಿ, ಇಷ್ಟೇ ಅವರ ಆಫೀಸು. ಖಾತೆ ಬದಲಾವಣೆಯೋ, ವಿಧವಾ ವೇತನವೋ, ಪಕ್ಕದ ಹೊಲದವನು ಬದು ಒತ್ತಿದ ತಕರಾರೋ, ಏನೇ ಇರಲಿ, ಬಂದವರು ಮೊದಲು ಅಳುತ್ತಾರೆ, ಆಮೇಲೆ ಹೇಳುತ್ತಾರೆ. ಅಳು ಮುಗಿಯುವವರೆಗೆ ಪುಟ್ಟಬಸವಯ್ಯ ಪೆನ್ನಿನ ಮುಚ್ಚಳ ತೆಗೆಯುವುದಿಲ್ಲ. ಬರೆದಾದ ಮೇಲೆ ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ ಹೇಳುತ್ತಾರೆ. "ಸರಿಯಾಗದಾ?" ಎಂದು ಕೇಳುತ್ತಾರೆ. ಎದುರಿನವರು ಹೂಂ ಅಂದ ಮೇಲೇ ಸಹಿ, ಇಲ್ಲವೆ ಹೆಬ್ಬೆಟ್ಟು.

ಅವರ ಒಬ್ಬಳೇ ಮಗಳು ನಂದಿತಾ. ನಂಜನಗೂಡಿನ ಕಾಲೇಜಿಗೆ ಮೂರು ವರ್ಷ ಬಸ್ಸಿನಲ್ಲಿ ನಿಂತೇ ಓಡಾಡಿ ಮನಃಶಾಸ್ತ್ರ ಓದಿದವಳು. ಬಸ್ಸಿನಲ್ಲಿ ಸೀಟು ಸಿಗದಿದ್ದವಳಿಗೆ ಇಂಗ್ಲೆಂಡಿನ ವಿಶ್ವವಿದ್ಯಾಲಯವೊಂದರಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿತು, ಜೊತೆಗೆ ವಿದ್ಯಾರ್ಥಿವೇತನವೂ. ಬೀದಿಯವರೆಲ್ಲ ಬಂದು ಮನಃಶಾಸ್ತ್ರ ಅಂದರೇನು ಎಂದು ಕೇಳಿದರು. ಪುಟ್ಟಬಸವಯ್ಯನವರು ಬಹಳ ಯೋಚಿಸಿ, "ಜನದ ಕಷ್ಟ ಕೇಳಿ ಬರ್ಕೊಳಾದು" ಎಂದು ಉತ್ತರ ಕೊಟ್ಟರು. ಆಗ ನಂದಿತಾ ನಕ್ಕುಬಿಟ್ಟಳು. ಮುಂದೆ ಆ ಮಾತು ನೆನಪಾದಾಗಲೆಲ್ಲ ಅವಳಿಗೆ ನಗು ಬರಲಿಲ್ಲ.

ಅವಳು ಹೋದದ್ದು ಮಧ್ಯಾಹ್ನ ನಾಲ್ಕಕ್ಕೇ ಕತ್ತಲಾಗುವ ಉತ್ತರದ ಒಂದು ಊರಿಗೆ. ತರಗತಿಯಲ್ಲಿ ಹನ್ನೊಂದು ದೇಶದ ಹದಿನಾರು ಮಂದಿ. ಪಾಠ ಮಾಡುವವರು "ಕುಟುಂಬವೇ ಮುಖ್ಯವಾದ ಸಮಾಜಗಳಲ್ಲಿ" ಎಂದು ಮಾತು ಶುರುಮಾಡಿದರೆ ಉಳಿದ ಹದಿನೈದು ತಲೆ ಇವಳ ಕಡೆ ತಿರುಗುತ್ತಿದ್ದವು. ಇವಳು ಇಡೀ ಭಾರತದ ಪರವಾಗಿ ತಲೆಯಾಡಿಸುತ್ತಿದ್ದಳು. ಮೊದಮೊದಲು ಮುಜುಗರವಾಗುತ್ತಿತ್ತು, ಆಮೇಲೆ ಅದರ ರುಚಿ ಹತ್ತಿತು. ತನ್ನ ಊರು ಅಲ್ಲಿ ಬೆಲೆಬಾಳುವ ಸರಕು ಎಂದು ಅವಳಿಗೆ ಗೊತ್ತಾಗಿಹೋಯಿತು.

ಮೊದಲ ಚಳಿಗಾಲದಲ್ಲಿ ಇನ್ನೊಂದು ಆಯಿತು. ಎದೆಬಡಿತ ಅಳೆಯುವ ಪ್ರಯೋಗಕ್ಕೆ ಕೂತಾಗ, ಕೊರಳಲ್ಲಿ ಲೋಹ ಇದ್ದರೆ ತೆಗೆಯಬೇಕು ಅಂದರು. ನಂದಿತಾಳ ಕೊರಳಲ್ಲಿ ಶಿವದಾರಕ್ಕೆ ಕಟ್ಟಿದ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಎಂಟನೇ ವಯಸ್ಸಿನಲ್ಲಿ ಮಠದ ಸ್ವಾಮಿಗಳು ಕಟ್ಟಿದ್ದು. ಅವರ ಮನೆಗಳಲ್ಲಿ ಜೀವ ಇರುವವರೆಗೆ ಅದನ್ನು ಮೈಯಿಂದ ಇಳಿಸುವಂತಿಲ್ಲ. ಅವಳು ಇಳಿಸಿ ಕೋಟಿನ ಜೇಬಿಗೆ ಹಾಕಿಕೊಂಡಳು, ರೂಮಿಗೆ ಬಂದು ಮೇಜಿನ ಡ್ರಾಯರಿನಲ್ಲಿಟ್ಟಳು. ಮೊದಲ ದಿನ ಮರೆತಳು. ಎರಡನೇ ದಿನ ನಾಳೆ ಹಾಕಿಕೊಂಡರಾಯಿತು ಅಂದುಕೊಂಡಳು. ಆಮೇಲೆ ಮೂರು ವಾರ ರೂಮು ಬಿಟ್ಟು ಹೊರಗೇ ಬರಲಿಲ್ಲ. ಪಾಠಗಳನ್ನು ಹೊದಿಕೆಯೊಳಗಿಂದಲೇ ಲ್ಯಾಪ್‌ಟಾಪಿನಲ್ಲಿ ಕೇಳಿದಳು, ಊರಿಗೆ ಫೋನು ಮಾಡಿದಾಗ ಮಾತ್ರ ಎದ್ದು ಕೂತು ತಲೆ ಬಾಚಿಕೊಂಡಳು. ಆ ಸ್ಥಿತಿಗೆ ಪುಸ್ತಕದಲ್ಲಿ ಏನು ಹೆಸರು ಎಂಬುದು ಅವಳಿಗೆ ಗೊತ್ತಿತ್ತು. ಹೇಗೋ ಎದ್ದಳು. ಯಾರಿಗೂ ಹೇಳಲಿಲ್ಲ.

ಪ್ರಬಂಧಕ್ಕೆ ವಿಷಯ ಹುಡುಕುವಾಗ ಒಂದು ದಿನ, ಅಪ್ಪನ ಮೇಜಿನ ಮುಂದೆ ಅಳುವ ಹೆಂಗಸರ ಕಥೆಯನ್ನು ಗೈಡ್ ಮೇಡಂಗೆ ಹೇಳಿದಳು. ಮೇಡಂ ಕಣ್ಣು ಅಗಲವಾಯಿತು. "ನಿನ್ನ ಪ್ರಬಂಧ ಅಲ್ಲೇ ಇದೆ" ಅಂದರು. ಹಾಗೆ ಜೂನ್ ತಿಂಗಳಲ್ಲಿ ಆರು ವಾರಕ್ಕೆಂದು ನಂದಿತಾ ಊರಿಗೆ ಬಂದಳು. ಮಕ್ಕಳನ್ನು ಹಠಾತ್ತನೆ ಕಳೆದುಕೊಂಡ ಹನ್ನೆರಡು ತಾಯಂದಿರನ್ನು ಮಾತಾಡಿಸಬೇಕು. ಅದಕ್ಕೆ ವಿಶ್ವವಿದ್ಯಾಲಯದ ಮೊಹರಿದ್ದ ಒಪ್ಪಿಗೆ ಪತ್ರ, ಎರಡು ಪುಟ, ಅವಳೇ ಕನ್ನಡಕ್ಕೆ ತಿರುಗಿಸಿದ್ದು. ಇದು ಅಧ್ಯಯನಕ್ಕೆ ಮಾತ್ರ, ಇದರಿಂದ ನಿಮಗೆ ನೇರವಾದ ಪ್ರಯೋಜನವಿಲ್ಲ ಎಂದು ನಾಲ್ಕನೇ ಸಾಲಿನಲ್ಲಿ ಸ್ಪಷ್ಟವಾಗಿತ್ತು. ಅದನ್ನು ಓದುವವರು ಯಾರು?

ಮಾತಾಡುವುದಕ್ಕೆ ಜನ ಸಿಗುತ್ತಾರೋ ಇಲ್ಲವೋ ಎಂಬ ಭಯ ಅವಳಿಗಿತ್ತು. ಅದು ಸುಳ್ಳಾಯಿತು. ಹೆಡತಲೆ ಗ್ರಾಮದಿಂದ ಹಿಡಿದು ಮುಡುಕುತೊರೆಯವರೆಗೆ, ಪುಟ್ಟಬಸವಯ್ಯನವರ ಮಗಳು ಫಾರಿನ್ನಿಂದ ಬಂದಿದ್ದಾಳೆ, ಕಷ್ಟ ಬರೆದುಕೊಳ್ಳುತ್ತಾಳೆ ಎಂಬ ಸುದ್ದಿ ಅವಳಿಗಿಂತ ಮುಂಚೆ ಹೋಗಿ ಕಾಯುತ್ತಿತ್ತು. ಹೋದಲ್ಲೆಲ್ಲ ಚಾಪೆ ಹಾಸಿದರು, ಟೀ ಕಾಸಿದರು, ಒಳಗಿನ ಮಾತನ್ನೆಲ್ಲ ತೆಗೆದು ಅವಳ ಮುಂದಿಟ್ಟರು.

ಏಳನೆಯವರು ಚನ್ನಾಜಮ್ಮ. ಮುಡುಕುತೊರೆಯ ಹತ್ತಿರದ ಹಳ್ಳಿಯವರು, ಅಂಗನವಾಡಿಯಲ್ಲಿ ಅಡುಗೆ ಮಾಡುವವರು, ದೂರದಿಂದ ನಂದಿತಾಳಿಗೆ ಸೋದರತ್ತೆ ವಾವೆ. ಮೂರು ವರ್ಷದ ಹಿಂದೆ ಅವರ ಮಗಳು ದಿವ್ಯ ಹೊಳೆಯಲ್ಲಿ ಹೋಗಿಬಿಟ್ಟಿದ್ದಳು. ಹತ್ತೊಂಬತ್ತು ವರ್ಷ. ಆಚೆ ದಡದಿಂದ ಯಾರೋ ಕಂಡವರು ಅವಳೇ ಇಳಿದುಹೋದಳು ಎಂದು ಹೇಳಿಕೆ ಕೊಟ್ಟರು, ಪೊಲೀಸಿನವರು ಹಾಗೇ ಬರೆದುಕೊಂಡರು. ಇಲ್ಲ, ಕಾಲು ಜಾರಿತು ಎಂದು ಚನ್ನಾಜಮ್ಮ ಅಂದಿನಿಂದ ಹೇಳುತ್ತಲೇ ಇದ್ದರು. ಆ ಕಾಗದ ತಿದ್ದಿಸಬೇಕೆಂದು ಪುಟ್ಟಬಸವಯ್ಯನವರ ಹತ್ತಿರ ಎರಡು ಅರ್ಜಿ ಬರೆಸಿದ್ದರು. ಎರಡಕ್ಕೂ ಉತ್ತರ ಬಂದಿರಲಿಲ್ಲ.

ನಂದಿತಾ ರೆಕಾರ್ಡರ್ ಒತ್ತಿ ಒಪ್ಪಿಗೆ ಪತ್ರ ಮುಂದಿಟ್ಟಳು. ಚನ್ನಾಜಮ್ಮ ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದರು. ಹಾಕಿ, ಹಾಳೆಯನ್ನು ತಿರುಗಿಸಿ ನೋಡಿ ಕೇಳಿದರು, "ಇದ್ಕೆ ಸ್ಟಾಂಪ್ ಅಂಟ್ಸಾದಿಲ್ವಾ ಕೂಸೆ?"

"ಬೇಡ ಅತ್ತೆ" ಅಂದಳು ನಂದಿತಾ.

"ಇಂಗೇ ಓದದಾ ಮೇಲಕ್ಕೆ?"

"ಹೂಂ, ಹೋಗತ್ತೆ."

ಅಷ್ಟೇ. ಅಷ್ಟರಲ್ಲಿ ಅವಳಿಗೆ ಎಲ್ಲ ಗೊತ್ತಾಗಿತ್ತು. ಇವರು ಇದನ್ನು ಅರ್ಜಿ ಎಂದುಕೊಂಡಿದ್ದಾರೆ. ಇವರೊಬ್ಬರೇ ಅಲ್ಲ, ಹಿಂದಿನ ಆರು ಮಂದಿಯೂ. ಮೊಹರು, ಸಹಿ, ಪುಟ್ಟಬಸವಯ್ಯನವರ ಮಗಳು ಬೇರೆ, ಇನ್ನೇನು ಅಂದುಕೊಂಡಾರು? ಅಪ್ಪನಿಗಿಂತ ದೊಡ್ಡ ಆಫೀಸಿಗೆ ಅರ್ಜಿ ಕೊಡುವವಳು ಮಗಳು ಎಂದು ನಂಬಿ ಹೊಟ್ಟೆಯೊಳಗಿನದನ್ನೆಲ್ಲ ಬಿಚ್ಚಿದ್ದರು. ಬಿಡಿಸಿ ಹೇಳಲು ಒಂದು ನಿಮಿಷ ಸಾಕಿತ್ತು. ಹೇಳಿದರೆ ಚನ್ನಾಜಮ್ಮ ಎದ್ದು ಒಲೆಯ ಹತ್ತಿರ ಹೋಗಿಬಿಟ್ಟಾರು, ಉಳಿದ ಐವರೂ ಬಾಯಿ ಮುಚ್ಚಿಯಾರು, ವಾಪಸು ಹೋಗುವ ಟಿಕೆಟ್ಟಿಗೆ ಇನ್ನು ಹದಿನೇಳು ದಿನ. ನಂದಿತಾ ಬಾಯಿ ಬಿಡಲಿಲ್ಲ.

ಚನ್ನಾಜಮ್ಮ ಎರಡು ಗಂಟೆ ಮಾತಾಡಿದರು. "ಲಿಂಗ ಕೊಳ್ಳಲ್ಲೇ ಇತ್ತು ಕಣವ್ವ. ಎತ್ತಿದಾಗ ಊರೋರೆಲ್ಲ ನೋಡವ್ರೆ. ಸಾಯಾಕ್ ಓಗೋಳು ಲಿಂಗ ಕಟ್ಕಂಡು ಓದಾಳಾ? ಇದ್ನ ಬರ್ಕೊ" ಎಂದು ಮೂರು ಸಲ ಹೇಳಿದರು. ನಂದಿತಾ ಮೂರು ಸಲವೂ ಬರೆದುಕೊಂಡಳು.

ಸಂಜೆ ಮನೆಯಲ್ಲಿ ಪುಟ್ಟಬಸವಯ್ಯ ಕೇಳಿದರು, "ಅವ್ರು ಅರ್ಜಿ ಅನ್ಕೊಂಡವ್ರಲ್ಲವ್ವ. ಬುಡ್ಸಿ ಯೋಳಿದ್ಯಾ?"

"ಫಾರ್ಮ್‌ನಲ್ಲಿ ಬರೆದಿದೆ ಅಪ್ಪ."

"ಓದಿ ಯೋಳಿದ್ಯಾ ಅಂದೆ."

ಅವಳು ತಲೆ ತಗ್ಗಿಸಿ ಊಟ ಮಾಡಿದಳು.

ಇಂಗ್ಲೆಂಡಿಗೆ ವಾಪಸಾದ ಮೇಲೆ ಧ್ವನಿಮುದ್ರಣವನ್ನೆಲ್ಲ ಇಂಗ್ಲಿಷಿನಲ್ಲಿ ಟೈಪು ಮಾಡಿದಳು. ಹೆಸರು ಇರಬಾರದು ಎಂಬುದು ಅಲ್ಲಿಯ ನಿಯಮ. ಚನ್ನಾಜಮ್ಮ ಏಳನೇ ನಂಬರಾದರು, ದಿವ್ಯ 'ಮಗಳು' ಆದಳು. ಸ್ಟಾಂಪಿನ ಮಾತು ಇದ್ದ ಹನ್ನೊಂದು ಸೆಕೆಂಡನ್ನು ನಂದಿತಾ ಟೈಪು ಮಾಡಲಿಲ್ಲ, ಅದರ ಮುಂದಿನಿಂದ ಶುರುಮಾಡಿದಳು. ಇಷ್ಟಲಿಂಗಕ್ಕೆ ವಿವರಣೆ ಕೊಡಹೋದರೆ ಒಂದು ಪುಟವೇ ಬೇಕು ಎಂದು 'ಧಾರ್ಮಿಕ ಪದಕ' ಎಂದು ಬರೆದಳು. ಸಾಲುಗಳ ಪಕ್ಕ ಬಣ್ಣ ಬಳಿದು ಒಂದೊಂದಕ್ಕೂ ಹೆಸರು ಕೊಡುವ ಕೆಲಸದಲ್ಲಿ, ಚನ್ನಾಜಮ್ಮನವರ ಮಾತಿಗೆ 'ನಿರಾಕರಣೆ' ಎಂಬ ಹೆಸರು ಬಿತ್ತು. ಮೇಡಂಗೆ ಆ ಭಾಗ ಬಹಳ ಹಿಡಿಸಿತು. ಡಿಸ್ಟಿಂಕ್ಷನ್ ಬಂತು. ಏಳನೇ ನಂಬರನ್ನೇ ನಡುವೆ ಇಟ್ಟುಕೊಂಡು ಒಂದು ಲೇಖನ ಬರೆ, ಅದರ ಬಲದ ಮೇಲೆ ಪಿಎಚ್‌.ಡಿ.ಗೆ ತೆಗೆದುಕೊಳ್ಳೋಣ ಅಂದರು. ನಂದಿತಾ ಬರೆದಳು. ಬರೆಯುವಾಗಲೆಲ್ಲ ಆ ಹನ್ನೊಂದು ಸೆಕೆಂಡು ಕಿವಿಯಲ್ಲಿ ಕೇಳುತ್ತಿತ್ತು. ಲೇಖನ ಕಳಿಸುವ ಮುಂಚೆ, ಜನವರಿಯಲ್ಲಿ, ಎರಡು ವಾರಕ್ಕೆ ಊರಿಗೆ ಬಂದಳು.

ಬಂದ ಮಾರನೆಯ ದಿನವೇ ಪುಟ್ಟಬಸವಯ್ಯ ಹೇಳಿದರು, "ಚನ್ನಾಜಮ್ಮ ಎಲ್ಡ್ ಸಲ ಬಂದಿದ್ಳು. ಮಗಳ ಕೈಲಿ ಕೊಟ್ಟ ಅರ್ಜಿ ಏನಾಯ್ತಣ್ಣ ಅಂತ ಕೇಳುದ್ಳು. ಮೂವತ್ತು ವರ್ಷದಲ್ಲಿ ನನ್ನ ಮೇಜ್ ಮುಂದೆ ನಿಂತು ಯಾರ್ ಕೇಳುದ್ರೂ ಉತ್ತರ ಕೊಟ್ಟಿವ್ನಿ. ಆವತ್ತು ಕೊಡಾಕಾಗ್ನಿಲ್ಲ. ನೀನೇ ಓಗಿ ಯೋಳು."

ನಂದಿತಾ ಬಸ್ಸು ಹತ್ತಿದಳು. ಬ್ಯಾಗಿನಲ್ಲಿ ನೀಲಿ ರಟ್ಟಿನ ಪ್ರಬಂಧ. ದಾರಿಯುದ್ದಕ್ಕೂ ಒಳ್ಳೊಳ್ಳೆಯ ಸುಳ್ಳುಗಳೇ ನೆನಪಾದವು. ಅರ್ಜಿ ಮೇಲಿನವರೆಗೆ ಹೋಗಿದೆ, ಪರಿಶೀಲನೆಯಲ್ಲಿದೆ ಅನ್ನಬಹುದು. ಆ ಮಾತು ತಾಲ್ಲೂಕು ಕಚೇರಿಯಲ್ಲಿ ಎಷ್ಟು ವರ್ಷ ಬೇಕಾದರೂ ನಡೆಯುತ್ತದೆ.

ಚನ್ನಾಜಮ್ಮ ಜಗುಲಿಯ ಮೇಲೆ ನೆನೆಸಿದ ಅವರೆಕಾಳು ಹಿಸುಕುತ್ತಿದ್ದರು. ಇವಳನ್ನು ಕಂಡಿದ್ದೇ ಕೈ ಒರೆಸಿಕೊಂಡು ಎದ್ದರು. "ಬಂದ್ಯಾ ಕೂಸೆ! ಎಷ್ಟ್ ಸೊರಗೋಗಿದ್ದೀಯೆ!" ಎಂದು ಒಳಗೆ ಒಲೆಯ ಹತ್ತಿರ ಚಾಪೆ ಹಾಸಿ ಕೂರಿಸಿದರು. ಕಾಳಿನ ಬೋಗುಣಿಯನ್ನೂ ಒಳಗೇ ತಂದುಕೊಂಡು ಎದುರಿಗೆ ಕೂತು ಮತ್ತೆ ಹಿಸುಕತೊಡಗಿದರು. ನಂದಿತಾ ಪುಸ್ತಕ ತೆಗೆದು ನೆಲದ ಮೇಲಿಟ್ಟಳು. ಅವರು ಅದರ ಬಂಗಾರದ ಅಕ್ಷರಗಳನ್ನು ನೋಡಿದರು. ಒದ್ದೆ ಕೈ ಎಂದು ಮುಟ್ಟಲಿಲ್ಲ.

"ಇದ್ರಲ್ಲಿ ನಂದೆಲ್ಲದೆ? ದಿವ್ಯನ ಎಸ್ರೆಲ್ಲದೆ? ತೋರ್ಸು."

"ಹೆಸರು ಇಲ್ಲ ಅತ್ತೆ. ಯಾರಿಗೂ ಗೊತ್ತಾಗಬಾರ್ದು ಅಂತ ನಂಬರ್ ಕೊಟ್ಟಿದ್ದೀವಿ. ನಿಮ್ಮದು ಏಳು."

"ಎಸ್ರೇ ಇಲ್ದೆ ಅರ್ಜಿ ಎಂಗಾದದವ್ವ?"

"ಇದು ಅರ್ಜಿ ಅಲ್ಲ ಅತ್ತೆ. ಯಾವ ಆಫೀಸಿಗೂ ಹೋಗಲ್ಲ. ಪೊಲೀಸ್ ಕಾಗದ ಇದರಿಂದ ಬದಲಾಗಲ್ಲ. ಇದು ನನ್ನ ಓದಿಗೆ ಬರೆದದ್ದು. ನೀವು ಅರ್ಜಿ ಅನ್ಕೊಂಡಿದ್ದೀರಿ ಅಂತ ನಂಗೆ ಆವತ್ತೇ ಗೊತ್ತಾಯ್ತು, ಸ್ಟಾಂಪ್ ಕೇಳಿದ್ರಲ್ಲ, ಆಗ್ಲೇ. ಹೇಳಿದ್ರೆ ನೀವು ಮಾತಾಡಲ್ಲ ಅಂತ, ಮೇಲಕ್ಕೆ ಹೋಗತ್ತೆ ಅಂದ್ಬಿಟ್ಟೆ."

ಚನ್ನಾಜಮ್ಮ ಬೈಯುತ್ತಾರೆ ಎಂದುಕೊಂಡಿದ್ದಳು. ಬೈದರೆ ಸಾಕು ಅನ್ನಿಸಿತ್ತು. ಅವರು ಇನ್ನೂ ನಾಲ್ಕು ಕಾಳು ಹಿಸುಕಿ ಸಿಪ್ಪೆ ಬೇರೆ ಮಾಡಿದರು.

"ಓದು" ಅಂದರು. "ನಿಮ್ಮಪ್ಪ ಓದಿ ಯೋಳ್ದೆ ಯಾರ್ ತಾವೂ ಸೈನ್ ಆಕಿಸ್ಕೊಂಡೋನಲ್ಲ. ನನ್ನ ಬಗ್ಗೆ ಏನ್ ಬರ್ದಿದ್ದೀಯೆ, ಓದು."

ಇಂಗ್ಲಿಷು ಅವರಿಗೆ ಬಾರದು. ಏನು ಬೇಕಾದರೂ ಓದಬಹುದಿತ್ತು. ನಂದಿತಾ ಆ ಪುಟ ತೆಗೆದು, ಒಂದೊಂದೇ ಸಾಲು ಕನ್ನಡ ಮಾಡಿ ಓದಿದಳು. "ಏಳನೇ ಮಹಿಳೆ, ಮಗಳು ಹೇಗೆ ಸತ್ತಳು ಎಂಬ ನಿಜವನ್ನು ಒಪ್ಪಿಕೊಳ್ಳುವ ಸ್ಥಿತಿಯಲ್ಲಿಲ್ಲ. ಮಗಳ ಕೊರಳಿನಲ್ಲಿದ್ದ ಧಾರ್ಮಿಕ ಪದಕವೊಂದನ್ನು ಸಾಕ್ಷಿಯೆಂದು ಮತ್ತೆ ಮತ್ತೆ ಹೇಳುತ್ತಾಳೆ. ಇದು ನಿರಾಕರಣೆಯ ಲಕ್ಷಣ."

"ಪದಕ ಅಂದ್ರೆ?"

"ಲಿಂಗ."

"ಲಿಂಗನ ಪದಕ ಅಂತ ಬರ್ದ್ಯಾ? ನಿನ್ನ ಕೊಳ್ಳಿಗೂ ಅದ್ನೇ ಕಟ್ಟಿಲ್ವಾ?"

ಕೊರಳವರೆಗೆ ಗುಂಡಿ ಹಾಕಿದ್ದ ಸ್ವೆಟರಿನ ಮೇಲೆ ನಂದಿತಾಳ ಕೈ ತಾನಾಗಿ ಹೋಗಿ ನಿಂತಿತು.

ಚನ್ನಾಜಮ್ಮ ಬೋಗುಣಿ ಪಕ್ಕಕ್ಕೆ ಸರಿಸಿ, ಎದ್ದು ಹೋಗಿ ಬೀದಿಬಾಗಿಲನ್ನು ಮುಂದಕ್ಕೆ ಮಾಡಿಕೊಂಡು ಬಂದರು. ಬಂದು ಕೂತಾಗ ಅವರ ದನಿ ತಗ್ಗಿತ್ತು.

"ದಾರ ಒಣಗಿತ್ತು ಕಣವ್ವ" ಅಂದರು.

ನಂದಿತಾಳಿಗೆ ತಕ್ಷಣ ಅರ್ಥವಾಗಲಿಲ್ಲ.

"ಆವತ್ತು ಬೆಳಿಗ್ಗೆ ದೇವ್ರ ಗೂಡ್‌ನಲ್ಲಿ ಲಿಂಗ ಬಿಚ್ಚಿಟ್ಟು ಓಗಿದ್ಲು. ನಾ ದೀಪ ಅಚ್ಚಾಕೆ ಓದೆ, ನೋಡ್ದೆ. ನೋಡ್ದೇಟ್ಗೇ ಗೊತ್ತಾಗೋಯ್ತು. ಅದ್ನ ಮಡ್ಲಲ್ಲಿ ಕಟ್ಕಂಡು ಒಳೆ ತಾವ್ಕೆ ಓಡ್ದೆ. ಮಾರ್ನೆ ದಿನ ಎತ್ತಿ ದಡದಲ್ಲಿ ಮಲಗ್ಸುದ್ರಲ್ಲ, ಮೇಲ್ ಬಿದ್ದು ಅಳ್ತಾ ಅಳ್ತಾ, ಸೆರಗ್ ಮರೇಲಿ ಕೊಳ್ಳಿಗೆ ಕಟ್ದೆ. ಮೈಯೆಲ್ಲ ನೀರು ಸುರೀತಿತ್ತು, ದಾರ ಒಂದ್ ಒಣಗಿತ್ತು. ಯಾರೂ ಮುಟ್ಟಿ ನೋಡ್ನಿಲ್ಲ."

ಹೊರಗೆ ಯಾರದೋ ಬೈಕು ಹಾದುಹೋಯಿತು. ಅದರ ಸದ್ದು ಪೂರ್ತಿ ಹೋಗುವವರೆಗೆ ಅವರು ಕಾದರು.

"ನಾನು ಒಪ್ಕೊಂಡಿಲ್ಲ ಅಂತ ಬರ್ದಿದ್ದೀಯೆ. ಗೂಡ್ ಮುಂದೆ ನಿಂತಾಗ್ಲೇ ಒಪ್ಕೊಂಡೆ ಕಣವ್ವ. ಊರ್ಗೆ ಯಾಕ್ ಒಪ್ಸ್‌ಬೇಕು? ಒಳೆಗ್ ಬಿದ್ದೋಳ ಮನೆ ಅಂತಾವ್ರೆ ಇದ್ನ. ಕಾಗದದಲ್ಲಿ ಜಾರ್‌ಬಿದ್ದೋಳು ಅಂತ ಆದ್ರೆ, ಅವ್ಳ ಎಸ್ರಾದ್ರೂ ನೆಟ್ಗಿರ್ಲಿ ಅಂತ. ಗಂಡನ್ಗೂ ಯೋಳಿಲ್ಲ. ಯಾಕ್ ಓದ್ಲು ಅಂತ ನಂಗೆ ಇವತ್ಗೂ ಗೊತ್ತಿಲ್ಲ. ಅದ್ ಒಂದೇ ಗೊತ್ತಿಲ್ದೆ ಇರಾದು."

ಎಂಥ ಮಾತು, ಎಂದು ಆ ಕ್ಷಣದಲ್ಲೂ ನಂದಿತಾಳ ಓದಿದ ತಲೆ ಅಂದುಕೊಂಡಿತು. ರೆಕಾರ್ಡರ್ ತಂದಿದ್ದರೆ! ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಮೋಸ ಮಾಡಿದ್ದು ಒಂದು. ಮೋಸ ಮಾಡಿ ಪಡೆದದ್ದನ್ನೂ ತಪ್ಪಾಗಿ ಓದಿ, ಅದಕ್ಕೆ ಡಿಸ್ಟಿಂಕ್ಷನ್ ತಗೊಂಡಿದ್ದು ಇನ್ನೊಂದು. ಮೂರು ವರ್ಷ ಗುಟ್ಟು ಹೊತ್ತ ತಾಯಿಯನ್ನು, ನಿಜ ತಿಳಿಯದ ಹೆಂಗಸು ಎಂದು ಬರೆದಿದ್ದಳು.

"ಒಪ್ಪಿಗೆ ಪತ್ರದಲ್ಲಿ ಇನ್ನೊಂದು ಸಾಲಿದೆ ಅತ್ತೆ" ಅಂದಳು. "ನಿಮ್ಮ ಮಾತನ್ನ ನೀವು ವಾಪಸ್ ತಗೋಬಹುದು. ಮುಂದೆ ಅಚ್ಚಾಗೋ ಲೇಖನದಿಂದ ಪೂರ್ತಿ ತೆಗೀತೀನಿ. ಈ ಪುಸ್ತಕದ್ದು ಒಂದು ಪ್ರತಿ ಅಲ್ಲಿ ಲೈಬ್ರರೀಲಿದೆ. ಅದನ್ನೂ ತೆಗೆಸೋಕೆ ಕೇಳ್ತೀನಿ, ಆಗತ್ತೋ ಇಲ್ವೋ ಗೊತ್ತಿಲ್ಲ."

"ತಗ್ದಾಕು. ಈಗ ಯೋಳಿದ್ದ ಎಲ್ಲೂ ಬರೀಬ್ಯಾಡ."

ನಂದಿತಾ ಫೋನು ತೆಗೆದು ಅಲ್ಲೇ ಮೇಡಂಗೆ ಬರೆಯತೊಡಗಿದಳು. ಏಳನೇ ನಂಬರಿನವರಿಗೆ ನಾನು ವಿಷಯ ಸರಿಯಾಗಿ ತಿಳಿಸಿರಲಿಲ್ಲ, ಅದು ನನಗೆ ಗೊತ್ತಿತ್ತು, ಅವರ ಮಾತನ್ನು ಲೇಖನದಿಂದಲೂ ಲೈಬ್ರರಿಯ ಪ್ರತಿಯಿಂದಲೂ ತೆಗೆಯಬೇಕು, ಉಳಿದವರದೂ ಹಾಗೇ ಆಗಿದೆ, ಒಬ್ಬೊಬ್ಬರನ್ನೂ ಹೋಗಿ ಕೇಳಿ ಬರುತ್ತೇನೆ, ಅಲ್ಲಿಯವರೆಗೆ ಲೇಖನ ಕಳಿಸಬೇಡಿ. ಏಳನೇ ನಂಬರು ಇಲ್ಲದೆ ಆ ಲೇಖನ ನಿಲ್ಲುವುದಿಲ್ಲ, ಲೇಖನ ಇಲ್ಲದೆ ಪಿಎಚ್‌.ಡಿ. ಬಹುಶಃ ಇಲ್ಲ, ಇದೆಲ್ಲ ಬೆರಳು ಆಡುತ್ತಿರುವಾಗಲೇ ಅವಳಿಗೆ ಗೊತ್ತಿತ್ತು. ಬರೆದದ್ದನ್ನು ಮೊದಲಿಂದ ಕೊನೆಯವರೆಗೆ ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳಿದಳು.

"ಸರಿಯಾಗದಾ ಅತ್ತೆ?"

"ಹೂಂ" ಅಂದರು ಚನ್ನಾಜಮ್ಮ. ನಂದಿತಾ ಬಟನ್ ಒತ್ತಿದಳು.

ಮನಸ್ಸು ಹಗುರವಾಗುತ್ತದೆ ಎಂದು ಯಾರಾದರೂ ಹೇಳಿದ್ದರೆ ಅದು ಸುಳ್ಳು. ಹಾಗೇನೂ ಆಗಲಿಲ್ಲ. ಒಲೆಯ ಹತ್ತಿರ ಕೂತಿದ್ದರಿಂದ ಮೈ ಬೆವರಿತ್ತು, ಸ್ವೆಟರಿನ ಗುಂಡಿ ಬಿಚ್ಚಿಕೊಂಡಳು. ಹೊರಡುವ ಮುಂಚೆ ಬಗ್ಗಿ ಚನ್ನಾಜಮ್ಮನವರ ಕಾಲು ಮುಟ್ಟಿದಳು. ತಲೆಯ ಮೇಲೆ ಬರಬೇಕಾಗಿದ್ದ ಕೈ ಬರಲಿಲ್ಲ. ತಲೆ ಎತ್ತಿದರೆ, ಅವರು ಇವಳ ಕೊರಳನ್ನೇ ನೋಡುತ್ತಿದ್ದರು.

"ಲಿಂಗ ಎಲ್ಲವ್ವ?"

"ಅಲ್ಲಿದೆ ಅತ್ತೆ. ರೂಮಲ್ಲಿ. ಮೇಜಿನ ಡ್ರಾಯರ್‌ನಲ್ಲಿ."

ಚನ್ನಾಜಮ್ಮನವರ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. ನಂದಿತಾಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡರು. ಅವರೆಕಾಳಿನ ಜಿಗುಟು ಇನ್ನೂ ಆರಿರದ ಕೈ.

"ಯಾವಾಗ್ ಬಿಚ್ಚಿಟ್ಟೆ?"

"ಅಲ್ಲಿಗೆ ಹೋದ ಮೊದಲ ಚಳಿಗಾಲದಲ್ಲಿ" ಅಂದಳು ನಂದಿತಾ. ಪ್ರಯೋಗಕ್ಕೆ ಲೋಹ ತೆಗೆಯಬೇಕಿತ್ತು ಎಂಬ ಮಾತು ನಾಲಿಗೆಯ ತುದಿಗೆ ಬಂತು, ಆದರೆ ಅದು ಪೂರ್ತಿ ನಿಜವಲ್ಲ ಎಂದು ಆಡಲಿಲ್ಲ. ಕಣ್ಣು ತುಂಬಿಕೊಂಡವು.

ಚನ್ನಾಜಮ್ಮ ಕೈ ಬಿಡಲಿಲ್ಲ. ಅವಳನ್ನು ಎಳೆದು ಮತ್ತೆ ಚಾಪೆಯ ಮೇಲೆ ಕೂರಿಸಿ, ಎದುರಿಗೆ ಕೂತರು.

"ಯಾಕ್ ಬಿಚ್ಚಿಟ್ಟೆ ಕೂಸೆ? ಯೋಳು. ನಾ ಏನೂ ಬರ್ಕೊಳಾಕಿಲ್ಲ."